ಟೆಕ್ಸಾಸಿನ ಹಿತ್ತಿಲಲ್ಲಿ ತವರಿನ ಹೊಗೆ

ಗುಂಡ್ಯ

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿಯ ಕಟ್ಟಡಗಳ ಎತ್ತರ ಹೇಳುತ್ತಾರೆ, ರಸ್ತೆಗಳ ಅಗಲ ಹೇಳುತ್ತಾರೆ. ನನಗೆ ಅವೆರಡೂ ಸರಿಯಾಗಿ ನೆನಪಿಲ್ಲ. ಅಲ್ಲಿದ್ದಷ್ಟು ದಿನವೂ ನಾನು ಹೊಗೆಯ ವಿಷಯದಲ್ಲೇ ಜಗಳ ಮಾಡಿದ್ದೇನೆ. ಕಟ್ಟಡದ ಸುದ್ದಿ ಬೇಕೆಂದು ಓದಲು ಕುಳಿತವರು ಈಗಲೇ ಎದ್ದು ಹೋದರೂ ನನಗೆ ಬೇಸರವಿಲ್ಲ.

ನನ್ನ ಹೆಸರು ಏಲಿಯಮ್ಮ. ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ರಬ್ಬರ್ ತೋಟ. ದೊಡ್ಡದೇನಲ್ಲ, ಗಂಡ ಹೆಂಡತಿ ಇಬ್ಬರೇ ಸೇರಿ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮುಗಿಸುವಷ್ಟು. ಅಪ್ಪ ಅಮ್ಮ ಕೇರಳದಿಂದ ಈ ಕಾಡಿಗೆ ಬಂದಾಗ ನಾನು ಸೊಂಟದ ಮೇಲಿನ ಕೂಸು. ಮನೆಯೊಳಗೆ ಮಲೆಯಾಳ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೀಗೆ ಬೆಳೆದವಳು. ರಬ್ಬರ್ ಹಾಲು ಹೆಪ್ಪುಗಟ್ಟಿಸಿ, ಹಾಳೆ ಒತ್ತಿ, ಹೊಗೆಮನೆಯಲ್ಲಿ ತೂಗಹಾಕಿ, ಅದು ಜೇನಿನ ಬಣ್ಣಕ್ಕೆ ತಿರುಗುವವರೆಗೆ ಬೆಂಕಿ ಕಾಯುವುದು ಮದುವೆಗೆ ಮೊದಲೂ ನನ್ನ ಕೆಲಸ, ಆಮೇಲೂ ನನ್ನದೇ. ಅದರಲ್ಲಿ ನಾಚಿಕೆಪಡುವುದು ಏನಿದೆ ಎಂದು ನನಗೆ ಇಂದಿಗೂ ತಿಳಿದಿಲ್ಲ.

ತಂಗಿ ಸೆಲಿನ್ ನರ್ಸಿಂಗ್ ಕಲಿತು, ಮದುವೆಯಾಗಿ, ಗಂಡನ ಜತೆ ಟೆಕ್ಸಾಸ್ ಸೇರಿದ್ದಳು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳಿಗೆ ಚೊಚ್ಚಲ ಹೆರಿಗೆ. ನಮ್ಮ ಮನೆಗಳಲ್ಲಿ ಚೊಚ್ಚಲ ಬಾಣಂತನ ತವರಿನದು. ಮಗುವಿನ ಜ್ಞಾನಸ್ನಾನದ ದಿನ ತವರಿನವರು ತಮ್ಮ ಕೈಯಿಂದ ಮಾಡಿದ ಒಂದು ಮಾಂಸದಡುಗೆ ಪಂಕ್ತಿಗೆ ಬೀಳಲೇಬೇಕು. ಬೀಳದಿದ್ದರೆ ಈ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ಗಂಡನ ಕಡೆಯವರು ತೀರ್ಮಾನಿಸುತ್ತಾರೆ, ಆ ತೀರ್ಮಾನ ಅವಳ ಬೆನ್ನಿಗೆ ಜೀವಮಾನವಿಡೀ ಅಂಟುತ್ತದೆ. ಅಪ್ಪ ಅಮ್ಮ ತೋಟವನ್ನು ನಮಗೆ ಬಿಟ್ಟು ತೀರಿಕೊಂಡಿದ್ದರು. ತವರು ಎಂದು ಉಳಿದವಳು ನಾನೊಬ್ಬಳೇ.

ನಾನು ನಮ್ಮದೇ ಹಂದಿಯ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಒಳ್ಳೆಮೆಣಸು ಎಂದು ನಾವು ಕರೆಯುವ ಕಾಳುಮೆಣಸು ತಿಕ್ಕಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದೆ. ಪಕ್ಕದ ಮನೆಯ ಕಮಲಕ್ಕ ಸುಳ್ಯದ ಗೌಡರ ಮಗಳು. ಅವರಲ್ಲೂ ಇದೇ ಕ್ರಮ. ಅವಳು ಬಂದು ಒಂದು ತುಂಡು ಹರಿದು ಅಗಿದು, "ಇನ್ನೆರಡು ದಿನ ಹೊಗೆ ತಾಗ್ಲಿ ಏಲಿಯಮ್ಮ, ಸಮುದ್ರ ದಾಟ್ಲಿಕ್ಕುಂಟಲ್ಲ" ಎಂದಳು. ಅವಳ ಮಾತಿನಂತೆ ಮಾಡಿ, ತಗಡಿನ ಡಬ್ಬಿಯಲ್ಲಿ ಒತ್ತಿ ತುಂಬಿದೆ.

ಹೆಂಗಸು ಒಬ್ಬಳೇ ಹೋಗುವುದು ಸರಿಯಲ್ಲವೆಂದು ಹೇಳಲು ಮನೆಗೆ ಬಂದವರಿಗೆಲ್ಲ ಚಹಾ ಕೊಟ್ಟು ಕಳುಹಿಸಿದೆ. ಗುಂಡ್ಯದಲ್ಲಿ ಘಟ್ಟ ಹತ್ತುವ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಗಂಡ ಔಸೇಪ್ ಅಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕೇಳಿದರು.

"ಇಂಗ್ಲಿಷ್ ಸರಿ ಬರುದಿಲ್ಲ ನಿಂಗೆ. ಅಲ್ಲಿ ಎಂತ ಮಾಡ್ತಿ?"

"ಅವರಿಗೆ ತುಳು ಬರ್ತದಾ? ಅವರು ಎಂತ ಮಾಡ್ತಾರೋ ನಾನೂ ಅದನ್ನೇ ಮಾಡುದು."

ಅವರು ನಕ್ಕು ಟ್ರಂಕನ್ನು ಬಸ್ಸಿನ ಮೇಲಕ್ಕೆ ಏರಿಸಿದರು. ಡಬ್ಬಿಯನ್ನು ಮಾತ್ರ ನಾನು ಮಡಿಲಲ್ಲಿಯೇ ಇಟ್ಟುಕೊಂಡೆ.

ಅಮೆರಿಕದ ಬಾಗಿಲು

ವಿಮಾನದೊಳಗಿನ ಸುದ್ದಿ ಏನೂ ಇಲ್ಲ. ಕುಳಿತೆ, ಕಾಲು ಊದಿತು, ಇಳಿದೆ.

ಇಳಿದಲ್ಲಿ ಸಾಮಾನು ತಪಾಸಣೆ. ಕೈಗವಸು ಹಾಕಿಕೊಂಡ ಒಬ್ಬ ಅಧಿಕಾರಿ ನನ್ನ ಡಬ್ಬಿಯ ಮುಚ್ಚಳ ತೆಗೆದು ಮೂಗು ಹತ್ತಿರ ತಂದ. ಅವನ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ, ಯಾರು ಇಲ್ಲವೆಂದರೂ ಒಪ್ಪುವುದಿಲ್ಲ. ಒಳ್ಳೆಯ ಹೊಗೆ ಹಿಡಿದ ಹಂದಿಮಾಂಸಕ್ಕೆ ಮನುಷ್ಯನ ಮುಖ ಅರಳಿಯೇ ಅರಳುತ್ತದೆ. ಆದರೆ ಕೂಡಲೇ ಅವನಿಗೆ ತನ್ನ ಕೆಲಸ ನೆನಪಾಯಿತು. ಮಾಂಸ ಒಳಗೆ ಬಿಡುವಂತಿಲ್ಲ ಎಂದ.

ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದೆ. ನನ್ನ ಹಂದಿ, ನನ್ನ ಒಲೆ, ನನ್ನ ತಂಗಿ, ಮಗು, ಚರ್ಚು ಎಂದೆ. ಅವನು ತಲೆಯಾಡಿಸುತ್ತ ಡಬ್ಬಿಯನ್ನು ದೊಡ್ಡ ಕಸದ ಬುಟ್ಟಿಯ ಮೇಲೆ ಹಿಡಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಒಂದು ಹೆಜ್ಜೆ ಸರಿದು ನಿಂತರು.

"ಬಿಸಾಡಬೇಡ. ನೀನೇ ತಿನ್ನು," ಎಂದೆ. "ತಿನ್ನುವ ವಸ್ತುವನ್ನು ಕಸಕ್ಕೆ ಹಾಕುವುದು ಪಾಪ."

ಅವನಿಗೆ ನಗು ಬಂತು, ಆದರೂ ಹಾಕಿಯೇ ಬಿಟ್ಟ. ಕಾನೂನು ಇರಬಹುದು, ಇರಲಿ. ನಮ್ಮಲ್ಲಿ ಅಡಿಕೆ ಕದ್ದವನೂ ಅನ್ನದ ತಟ್ಟೆಯನ್ನು ಕಾಲಿಂದ ಒದೆಯುವುದಿಲ್ಲ. ಡಬ್ಬಿಯ ಜತೆ ತಂದಿದ್ದ ಒಳ್ಳೆಮೆಣಸಿನ ಪೊಟ್ಟಣವನ್ನು ಮಾತ್ರ ಅವನು ಹಿಂದೆ ಕೊಟ್ಟ. ಅದನ್ನು ಕಸಿದುಕೊಂಡು ಹೊರಗೆ ಬಂದೆ. ತವರಿನಿಂದ ಬರಿಗೈಯಲ್ಲಿ ಬಂದಂತೆ ಆಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅದು ಉರಿಯುತ್ತಿದ್ದಾಗಲೇ ತೀರ್ಮಾನ ಮಾಡಿದೆ: ಹಂದಿ ಆ ದೇಶದ್ದಾದರೂ ಸರಿ, ಹೊಗೆ ನನ್ನದೇ ಆಗಬೇಕು.

ತಂಗಿಯ ಮನೆ

ಸೆಲಿನ್‌ನ ಗಂಡ ಜೋಯ್ ಕೋಟ್ಟಯಂ ಕಡೆಯವನು, ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸ. ಕೆಟ್ಟವನಲ್ಲ. ಹೆಂಡತಿಗೆ ಬಿಸಿನೀರು ಕಾಯಿಸಿ ಕೊಡುತ್ತಿದ್ದ, ಮಗುವಿನ ಬಟ್ಟೆ ಮಡಚುತ್ತಿದ್ದ. ಆದರೆ ನೆರೆಹೊರೆಯವರು ಏನೆಂದುಕೊಂಡಾರು ಎಂಬ ಒಂದು ಭೂತ ಅವನ ಹೆಗಲ ಮೇಲೆ ಕೂತಿತ್ತು. ನಮ್ಮಲ್ಲಾದರೆ ಭೂತಕ್ಕೆ ವರ್ಷಕ್ಕೊಮ್ಮೆ ಕೋಲ ಕೊಟ್ಟು ಸಮಾಧಾನ ಮಾಡುತ್ತಾರೆ. ಇವನದ್ದಕ್ಕೆ ದಿನವೂ ಬೇಕು. ಜೋರಾಗಿ ಮಾತಾಡಬಾರದು, ಅಂಗಳದಲ್ಲಿ ಸೀರೆ ಒಣಗಿಸಬಾರದು, ಒಣಮೀನು ಹುರಿಯಬಾರದು.

ಮೀನು ಹುರಿಯುವುದಿರಲಿ, ನಾನು ಒಂದು ಹಪ್ಪಳ ಸುಟ್ಟದ್ದಕ್ಕೆ ಅಡುಗೆಮನೆಯ ಮಾಡಿನಲ್ಲಿದ್ದ ಬಿಳಿ ಯಂತ್ರವೊಂದು ಕಿವಿ ಹರಿಯುವಂತೆ ಕಿರಿಚಿತು. ಬಾಣಂತಿ ಎದ್ದು ಓಡಿ ಬಂದಳು, ಮಗು ಅತ್ತಿತು. ಹೊಗೆ ಕಂಡರೆ ಕಿರಿಚಲೆಂದೇ ಅದನ್ನು ಅಲ್ಲಿ ಕೂರಿಸಿದ್ದಂತೆ. ಒಲೆಯೆಂದರೆ ಕೆಂಪಗಾಗುವ ಕಬ್ಬಿಣದ ಸುರುಳಿ, ಅದರ ಮೇಲೆ ಅಟ್ಟವಿಲ್ಲ, ಅಟ್ಟಕ್ಕೆ ಜಾಗವೂ ಇಲ್ಲ. ಇಲ್ಲಿ ಮಾಂಸ ಹೊಗೆಗೆ ಹಾಕುವುದೆಲ್ಲಿ?

ಅಕ್ಕ ತಂಗಿ ಕಡಬದ ಶಾಲೆಯಲ್ಲಿ ಕಲಿತವರಾದ್ದರಿಂದ ಜೋಯ್‌ಗೆ ಅರ್ಥವಾಗಬಾರದ್ದನ್ನೆಲ್ಲ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು.

"ಚೇಚಿ, ಒಂದು ವಿಷಯ ಉಂಟು. ಬೈಯಬೇಡ," ಎಂದಳು ಸೆಲಿನ್ ಒಂದು ಮಧ್ಯಾಹ್ನ. ಚೇಚಿ ಎಂದರೆ ಅಕ್ಕ. "ಅವರು ಇಲ್ಲಿ ಎಲ್ಲರ ಹತ್ರ ನಮ್ಮದು ದೊಡ್ಡ ಎಸ್ಟೇಟ್ ಅಂತ ಹೇಳಿದ್ದಾರೆ. ಆಳುಗಳೆಲ್ಲ ಇದ್ದಾರೆ ಅಂತ."

"ಆಳು ಉಂಟಲ್ಲ. ನಾನು ನನ್ನ ಗಂಡನ ಆಳು, ಅವರು ನನ್ನ ಆಳು."

"ತಮಾಷೆ ಅಲ್ಲ ಮಾರಾಯ್ತಿ. ಅವತ್ತು ಅವರ ಲ್ಯಾಬಿನ ದೊಡ್ಡವರು ಬರ್ತಾರೆ, ಕೋಟ್ಟಯಂನವರೆಲ್ಲ ಬರ್ತಾರೆ. ಊಟ ಅಂಗಡಿಯಿಂದ ತರಿಸುವ ಅಂತ ಅವರ ಮನಸ್ಸು."

"ನಿಂಗೆ ಎಂತ ಬೇಕು?"

ಅವಳು ಮಗುವಿನ ತಲೆ ಸವರಿದಳು. "ನಂಗೆ ನೀನು ಮಾಡಿದ್ದು ತಿನ್ಲಿಕ್ಕೆ ಬೇಕು. ಎಲ್ಲರೂ ತಿನ್ಬೇಕು. ಆದ್ರೆ ಅವರಿಗೆ ಹೇಳ್ಲಿಕ್ಕೆ ನಂಗೆ ಧೈರ್ಯ ಇಲ್ಲ ಚೇಚಿ."

ರಕ್ತ ಕಂಡರೆ ಹೆದರದ ಹುಡುಗಿ, ಸತ್ತವರ ಕಣ್ಣು ಮುಚ್ಚಿದ ಹುಡುಗಿ, ಗಂಡನಿಗೆ ಒಂದು ಮಾತು ಹೇಳಲು ಹೆದರುತ್ತಾಳೆ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಜೋಯ್ ಕೆಲಸದಿಂದ ಬಂದ ಕೂಡಲೇ, ತವರಿನ ಅಡುಗೆಯನ್ನು ನಾನೇ ಮಾಡುತ್ತೇನೆ ಎಂದು ಅವನಿಗೆ ಮಲೆಯಾಳದಲ್ಲಿ ನೇರವಾಗಿ ಹೇಳಿದೆ. ಅವನು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಬೇಲಿಯಾಚೆ

ಶನಿವಾರ ಬೆಳಗ್ಗೆ ಹಿತ್ತಿಲಿಗೆ ಹೋದರೆ ಊರಿಗೆ ಊರೇ ಹೊಗೆ. ಮನೆಯೊಳಗೆ ಹಪ್ಪಳದ ಹೊಗೆಗೆ ಕಿರಿಚುವ ದೇಶ ಇದೇ ಏನು ಎಂದು ಬೆರಗಾಯಿತು. ಪ್ರತಿಯೊಂದು ಹಿತ್ತಿಲಲ್ಲಿಯೂ ಒಬ್ಬ ಗಂಡಸು, ಅವನ ಮುಂದೆ ಒಂದು ಕಬ್ಬಿಣದ ಪೆಟ್ಟಿಗೆ, ಕೈಯಲ್ಲಿ ಬಿಯರ್.

ಬೇಲಿಯ ಆಚೆಯವನು ವಾಲ್ಟರ್. ಎಣ್ಣೆ ಕೊಳವೆಗಳ ಕೆಲಸದಿಂದ ನಿವೃತ್ತನಾದ, ಗುಡಾಣದಂತಹ ಹೊಟ್ಟೆಯ ಮನುಷ್ಯ. ಅವನ ಹೆಂಡತಿ ಡೋರಿಸ್ ಸೆಲಿನ್‌ಗೆ ಆ ಊರಿನಲ್ಲಿ ಇದ್ದ ಒಬ್ಬಳೇ ಗೆಳತಿ. ಅವರ ಹಿತ್ತಿಲಿನಲ್ಲಿ ದಪ್ಪ ಕೊಳವೆಯನ್ನು ಅಡ್ಡ ಮಲಗಿಸಿ, ಉದ್ದಕ್ಕೆ ಸೀಳಿ ಬಾಗಿಲು ಮಾಡಿ, ಚಕ್ರ ಇಟ್ಟ ಹೊಗೆಪೆಟ್ಟಿಗೆ ಇತ್ತು. ಒಂದು ಬದಿಗೆ ಬೆಂಕಿಯ ಗೂಡು, ಇನ್ನೊಂದು ಬದಿಗೆ ಚಿಮಣಿ, ನಡುವೆ ಮಾಂಸ. ಬೆಂಕಿ ಮಾಂಸವನ್ನು ಮುಟ್ಟುವುದಿಲ್ಲ, ಹೊಗೆ ಮಾತ್ರ ದಾಟಿ ಹೋಗುತ್ತದೆ. ಅರೆ, ಇದು ನಮ್ಮ ರಬ್ಬರಿನ ಹೊಗೆಮನೆಯೇ ಅಲ್ಲವೇ! ನಾನು ಯಾರನ್ನೂ ಕೇಳದೆ ಬೇಲಿಯ ಗೇಟು ತೆರೆದು ಹೋದೆ.

ಡೋರಿಸ್ ಹಿಂದಿನ ಬಾಗಿಲಿನಿಂದ ಕೈಸನ್ನೆ ಮಾಡಿ ಕರೆದಳು. ಹೆಂಗಸರು ಒಳಗೆ, ಸಲಾಡು ಹೆಚ್ಚುವಲ್ಲಿ. ಬೆಂಕಿಯ ಹತ್ತಿರ ಗಂಡಸರು. ವರ್ಷವಿಡೀ ಅಡುಗೆ ಹೆಂಗಸರದು, ತೆರೆದ ಆಕಾಶದ ಕೆಳಗೆ ನಾಲ್ಕು ಜನ ಹೊಗಳುವಂತಹ ಅಡುಗೆಯಾದರೆ ಅದು ಗಂಡಸರದು. ಬೇರೆಯವರನ್ನು ಬೈದು ಪ್ರಯೋಜನವಿಲ್ಲ, ನಮ್ಮ ಚರ್ಚಿನ ಹಬ್ಬದಲ್ಲೂ ದೊಡ್ಡ ಕಡಾಯಿಗೆ ಸೌಟು ಹಾಕುವವರು ಗಂಡಸರೇ, ಆಮೇಲೆ ಅದನ್ನು ತಿಕ್ಕುವವರು ನಾವು. ನಾನು ಡೋರಿಸ್‌ಗೆ ಕೈಮುಗಿದು ಬೆಂಕಿಯ ಹತ್ತಿರವೇ ಒಂದು ಸ್ಟೂಲು ಎಳೆದು ಕುಳಿತೆ.

ವಾಲ್ಟರ್ ಗೊಂದಲಕ್ಕೆ ಬಿದ್ದ. ಆದರೆ ಕೇಳುವ ಕಿವಿ ಸಿಕ್ಕಿದರೆ ತನ್ನ ಸಾಮಾನು ತೋರಿಸದೆ ಇರಲಾರದವನು. ಮೊಳದುದ್ದದ ಇಕ್ಕಳ, ಬೂದಿ ಎಳೆಯುವ ಕೊಕ್ಕೆ, ಚರ್ಮದ ಕೈಗವಸು, ಮುಚ್ಚಳದ ಮೇಲೆ ಶಾಖ ಹೇಳುವ ಗಡಿಯಾರದಂತಹದ್ದು, ಮಾಂಸ ಒಣಗದಂತೆ ಒಳಗೆ ಇಡುವ ನೀರಿನ ತಟ್ಟೆ. ಆಮೇಲೆ ಅವನು ನೆಲ ಒರಸುವ ದಾರದ ಕುಂಚದಂತಹದ್ದೊಂದನ್ನು ಬಕೆಟಿನಲ್ಲಿ ಅದ್ದಿ ಮಾಂಸದ ಮೇಲೆ ಸವರಿದ. ನಾನು ಸ್ಟೂಲಿನಿಂದ ಎದ್ದೇ ಬಿಟ್ಟೆ. ಅದು ಮಾಂಸಕ್ಕೆಂದೇ ಇರುವ ಕುಂಚ, ಬಕೆಟಿನಲ್ಲಿ ಇದ್ದದ್ದು ವಿನೆಗರ್ ಎಂದು ಸೆಲಿನ್ ಬೇಲಿಯಾಚೆಯಿಂದ ಕೂಗಿ ಹೇಳಿದ ಮೇಲೆ ಕುಳಿತೆ.

ಮಾಂಸಕ್ಕೆ ಅವನು ಹಚ್ಚುವುದು ಉಪ್ಪು ಮತ್ತು ಒಳ್ಳೆಮೆಣಸು, ಮತ್ತೇನೂ ಇಲ್ಲ. ಇಷ್ಟು ದೂರ ಬಂದು ಅದನ್ನೇ ಕಂಡಾಗ ಆದ ಸಂತೋಷ ಹೇಳಲಾರೆ. ನನ್ನ ಪೊಟ್ಟಣದಿಂದ ನಾಲ್ಕು ಕಾಳು ತೆಗೆದು ಅವನ ಅಂಗೈಗೆ ಹಾಕಿದೆ. ಅಗಿದ, ಕಣ್ಣಲ್ಲಿ ನೀರು ಬಂತು, ಇನ್ನೆರಡು ಕೇಳಿದ. ಸೆಲಿನ್ ಮೂಲಕ ನಮ್ಮ ಜ್ಞಾನಸ್ನಾನದ ಊಟದ ವಿಷಯ ಹೇಳಿಸಿದೆ. ಮುಂದಿನ ಭಾನುವಾರಕ್ಕೆ ಹೊಗೆಪೆಟ್ಟಿಗೆ ಕೊಡುತ್ತೇನೆ ಎಂದ. ತಾನು ಮೀನು ಹಿಡಿಯಲು ಕೆರೆಯ ಕಡೆ ಹೋಗುವವನಿದ್ದೇನೆ, ಮರಳಿ ಬರುವವರೆಗೆ ನಿಮ್ಮ ಹಿತ್ತಿಲಿನಲ್ಲೇ ಇರಲಿ ಎಂದು ಆವತ್ತು ಸಂಜೆಯೇ ಅದನ್ನು ತಳ್ಳಿಕೊಂಡು ಬಂದ.

ತಿಕ್ಕಿದ ದಿನ

ನಮ್ಮ ಊರಿನ ಕ್ರಮ ಹೀಗೆ: ಎರವಲು ತಂದ ಪಾತ್ರೆಯನ್ನು ಒಲೆಗೇರಿಸುವ ಮೊದಲು ಒಮ್ಮೆ ತಿಕ್ಕಬೇಕು, ಹಿಂದೆ ಕೊಡುವ ಮೊದಲು ಇನ್ನೊಮ್ಮೆ. ತಿಕ್ಕದೆ ಬಳಸಿದರೆ ಪಾತ್ರೆ ಕೊಟ್ಟವರಿಗೆ ಮರ್ಯಾದೆ ಕೊಟ್ಟಂತೆ ಆಗುವುದಿಲ್ಲ. ವಾಲ್ಟರನ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದೆ. ಒಳಗೆ ಡಾಂಬರಿನಂತೆ ಕಪ್ಪು, ಬೆರಳಿಟ್ಟರೆ ಅಂಟುವ ಜಿಡ್ಡು. ಅಯ್ಯೋ ಪಾಪ, ಡೋರಿಸ್‌ಗೆ ಬೆಂಕಿಯ ಹತ್ತಿರ ಬರಲು ಬಿಡದಿದ್ದರೆ ಇದೇ ಗತಿ ಎಂದುಕೊಂಡೆ.

ಅವನದೇ ಬೂದಿ, ಸೆಲಿನ್ ತರಿಸಿಟ್ಟಿದ್ದ ಹುಣಸೆಹುಳಿ, ಪಾತ್ರೆ ಉಜ್ಜುವ ಉಕ್ಕಿನ ನಾರು. ಸೀರೆ ಎತ್ತಿ ಕಟ್ಟಿ, ಅರ್ಧ ದೇಹ ಕೊಳವೆಯೊಳಗೆ ತೂರಿಸಿ ತಿಕ್ಕಿದೆ. ಒಂದು ದಿನಕ್ಕೆ ಮುಗಿಯಲಿಲ್ಲ, ಮರುದಿನವೂ ತಿಕ್ಕಿದೆ. ಕೊನೆಗೆ ಕಬ್ಬಿಣ ಬೆಳ್ಳಗೆ ಹೊಳೆದು ಒಳಗೆ ನನ್ನ ಮುಖ ಕಂಡಿತು. ಸೆಲಿನ್ ಬಾಣಂತಿಯ ನಿದ್ದೆಯಲ್ಲಿದ್ದಳು, ಜೋಯ್ ಕೆಲಸಕ್ಕೆ ಹೋಗಿದ್ದ, ಹೇಳುವವರು ಯಾರೂ ಇರಲಿಲ್ಲ. ಸೊಂಟ ನೋಯುತ್ತಿದ್ದರೂ ಮನಸ್ಸಿಗೆ ಬಹಳ ಹಿತವಾಗಿತ್ತು.

ವಾಲ್ಟರ್ ಕೆರೆಯಿಂದ ಬಂದು ಮುಚ್ಚಳ ಎತ್ತಿದ. ತಲೆಯ ಟೋಪಿ ತೆಗೆದ.

ಆಮೇಲೆ ಹೇಳಿದ್ದನ್ನು ಸೆಲಿನ್ ನನಗೆ ಕನ್ನಡದಲ್ಲಿ ಹೇಳಿದಳು. ಆ ಪೆಟ್ಟಿಗೆಯನ್ನು ಬೆಸುಗೆ ಹಾಕಿದವನು ವಾಲ್ಟರನ ಅಪ್ಪ. ಒಳಗಿನ ಕಪ್ಪು ಅಪ್ಪನ ಕಾಲದಿಂದ ಕೂತದ್ದು. ಕಬ್ಬಿಣದ ವಾಸನೆ ಮಾಂಸಕ್ಕೆ ಬಾರದಂತೆ ತಡೆಯುವುದು ಆ ಕಪ್ಪೇ. ಅದನ್ನು ಯಾರೂ ತೊಳೆಯುವುದಿಲ್ಲ.

ನಮ್ಮ ಹೊಗೆಮನೆಯ ಜಂತಿಗಳ ಮಸಿಯನ್ನು ನಾನಾದರೂ ಒಂದು ದಿನ ತೊಳೆದಿದ್ದೇನೆಯೇ? ಅದು ನನ್ನಪ್ಪ ಕಟ್ಟಿದ ಹೊಗೆಮನೆ. ಒಮ್ಮೆ "ಸಾರಿ" ಎಂದೆ, ಮನಸಾರೆ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. "ಮರ್ಯಾದೆಗೆ ತಿಕ್ಕಿದ್ದು ಅಂತ ಹೇಳು ಅವರಿಗೆ," ಎಂದೆ ತಂಗಿಗೆ. "ನಮ್ಮೂರಲ್ಲಿ ದ್ವೇಷ ಇದ್ದವರ ಪಾತ್ರೆಯನ್ನು ಯಾರೂ ಇಷ್ಟು ತಿಕ್ಕುದಿಲ್ಲ."

ಅವನು ತಲೆಯಾಡಿಸಿ ಪೆಟ್ಟಿಗೆಯನ್ನು ತಳ್ಳಿಕೊಂಡು ಹೋದ. ಚಕ್ರದ ಕಿರಿಕಿರಿ ಸದ್ದು ಬೇಲಿಯಾಚೆ ಹೋಗಿ ನಿಂತಿತು.

ಸಂಜೆ ಜೋಯ್‌ಗೆ ವಿಷಯ ತಿಳಿಯಿತು. ಅವನ ಮುಖ ಕೆಂಪಾಯಿತು, ಆದರೆ ದನಿ ಏರಿಸಲಿಲ್ಲ, ನೆರೆಹೊರೆ ಇದೆಯಲ್ಲ. "ಚೇಚಿ, ಇಷ್ಟು ಸಾಕು. ಭಾನುವಾರದ ಊಟ ಅಂಗಡಿಯಿಂದ ಬರುತ್ತದೆ. ನೀವು ಒಳ್ಳೆಯ ಸೀರೆ ಉಟ್ಟು ಒಳಗೆ ಕುಳಿತಿರಿ. ಹೊಗೆಮನೆ, ಹಂದಿ, ಇವನ್ನೆಲ್ಲ ಬಂದವರ ಮುಂದೆ ಎತ್ತಬೇಡಿ."

"ಹಾಗಾದರೆ ತವರಿನಿಂದ ಯಾರೂ ಬರಲಿಲ್ಲ ಎಂದೇ ಅವರಿಗೆ ಹೇಳು," ಎಂದೆ. "ನನ್ನನ್ನು ನಾಳೆಯೇ ವಿಮಾನ ಹತ್ತಿಸು. ಕುಳಿತಿರುವುದಕ್ಕೆ ನಾನು ಇಲ್ಲಿಯವರೆಗೆ ಬರಬೇಕಾಗಿರಲಿಲ್ಲ. ಒಂದು ಗೊಂಬೆ ತಂದು ಕೂರಿಸಿದ್ದರೂ ಆಗುತ್ತಿತ್ತು."

ಅವನು ಸೆಲಿನ್‌ನ ಮುಖ ನೋಡಿದ. ನಾನೂ ನೋಡಿದೆ. ಅವಳು ಮಗುವನ್ನೆತ್ತಿ ಒಳಗೆ ಹೋದಳು.

ಕಹಿ ಕೋಳಿ

ಮರುದಿನ ನನ್ನನ್ನು ಯಾರೂ ವಿಮಾನ ಹತ್ತಿಸಲಿಲ್ಲ. ಹತ್ತಿಸದಿದ್ದರೆ ಅಡುಗೆ ನನ್ನದೇ ಎಂದು ಅರ್ಥ ಎಂದುಕೊಂಡು ಬೇಲಿಯ ಗೇಟು ತೆರೆದೆ.

ವಾಲ್ಟರ್ ಒಂದು ಹಳೆಯ ಬಟ್ಟೆಗೆ ಹಂದಿಯ ಕೊಬ್ಬು ಮೆತ್ತಿಕೊಂಡು ಪೆಟ್ಟಿಗೆಯ ಒಳಮೈಗೆ ಹಚ್ಚುತ್ತಿದ್ದ. ಹೊಸ ಕಪ್ಪು ಹಿಡಿಯಬೇಕಾದರೆ ಕೊಬ್ಬು ಹಚ್ಚಿ ಬೆಂಕಿ ಹಾಕಬೇಕು, ಮತ್ತೆ ಹಚ್ಚಬೇಕು, ಮತ್ತೆ ಬೆಂಕಿ. ಅವನಿಗೆ ಒಳಗೆ ಬಾಗಲು ಹೊಟ್ಟೆ ಅಡ್ಡ ಬರುತ್ತಿತ್ತು. ನಾನು ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು, ತಿಕ್ಕಿದಾಗ ತೂರಿದ್ದ ಹಾಗೆಯೇ ಒಳಗೆ ತೂರಿದೆ. ಬೇಡ ಎಂದನೋ ಏನೋ, ಕೊಳವೆಯ ಒಳಗೆ ನನಗೆ ಕೇಳಿಸಲಿಲ್ಲ. ಹೊರಗೆ ಬಂದಾಗ ಡೋರಿಸ್ ಸಲಾಡು ಬಿಟ್ಟು ಅಂಗಳಕ್ಕೆ ಬಂದು ನಿಂತಿದ್ದಳು. ನನ್ನ ಮೂಗಿನ ಮಸಿ ನೋಡಿ ನಕ್ಕಳು. ಆಮೇಲೆ ಇನ್ನೊಂದು ಬಟ್ಟೆ ತಂದು ಮುಚ್ಚಳಕ್ಕೆ ತಾನೇ ಹಚ್ಚತೊಡಗಿದಳು.

ಹೊಸ ಕಪ್ಪು ಸ್ವಲ್ಪ ಹಿಡಿದ ಮೇಲೆ ಪರೀಕ್ಷೆಗೆಂದು ಒಂದು ಕೋಳಿ ಇಟ್ಟೆವು. ಬೆಂಕಿ ನನ್ನದು ಎಂದೆ. ರಬ್ಬರಿಗೆ ಹೊಗೆ ಹಾಕುವಾಗ ಕಟ್ಟಿಗೆ ಅರ್ಧ ಹಸಿಯಾಗಿರಬೇಕು. ಒಣಕಟ್ಟಿಗೆ ಭಗ್ಗೆಂದು ಹತ್ತಿದರೆ ಹಾಳೆಯೂ ಹೋಯಿತು, ಹೊಗೆಮನೆಯೂ ಹೋಯಿತು. ನಮ್ಮ ಸುತ್ತ ಹಾಗೆ ಸುಟ್ಟುಹೋದ ಹೊಗೆಮನೆಗಳನ್ನು ನಾನು ಕಂಡಿದ್ದೇನೆ. ಹಾಗಾಗಿ ವಾಲ್ಟರನ ಒಣ ಓಕ್ ಕಟ್ಟಿಗೆಗೆ ಬಕೆಟಿನಿಂದ ನೀರು ಹೊಯ್ದೆ. ದಟ್ಟ ಬಿಳಿ ಹೊಗೆ ಎದ್ದು ಹಿತ್ತಿಲು ತುಂಬಿತು. ಕಣ್ಣುರಿಯಿತು, ನನಗೆ ಊರಿಗೇ ಹೋದಂತಾಯಿತು.

ಕೋಳಿ ಕಿರಾತಕಡ್ಡಿಯಷ್ಟು ಕಹಿಯಾಗಿತ್ತು. ವಾಲ್ಟರ್ ಒಂದು ತುಂಡು ತಿಂದು ಗಂಭೀರವಾಗಿ ಉಳಿದದ್ದನ್ನು ನಾಯಿಗೆ ಹಾಕಿದ. ನಾಯಿ ಮೂಸಿ ನೋಡಿ ದೂರ ಹೋಗಿ ಮಲಗಿತು.

ನಾನು ಸೋತೆನೆಂದು ಯಾರೂ ತಿಳಿಯಬೇಡಿ. ರಬ್ಬರ್ ಹಾಳೆಯನ್ನು ಯಾರೂ ತಿನ್ನುವುದಿಲ್ಲ, ಕಹಿಯೋ ಸಿಹಿಯೋ ಗೊತ್ತಾಗುವುದು ಹೇಗೆ? ವಾಲ್ಟರ್ ಚಿಮಣಿಯ ಬಾಯಿ ತೋರಿಸಿ ವಿವರಿಸಿದ. ಹೊಗೆ ದಟ್ಟವಾಗಿ ಬೆಳ್ಳಗಿದ್ದರೆ ಮಾಂಸ ಕಹಿ. ಕಣ್ಣಿಗೆ ಕಂಡೂ ಕಾಣದಂತೆ ತೆಳ್ಳಗೆ, ನೀಲಿಯಾಗಿ ಹೋಗುತ್ತಿದ್ದರೆ ಸರಿ. ಕಟ್ಟಿಗೆ ಒಣಗಿಯೇ ಇರಬೇಕು, ಬೆಂಕಿ ಮಾತ್ರ ಚಿಕ್ಕದಿರಬೇಕು. ಮತ್ತೆ, ಮುಚ್ಚಳವನ್ನು ಪದೇ ಪದೇ ತೆರೆದು ಇಣುಕಬಾರದು. ಇಣುಕದೆ ಇರುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಆದರೆ ಚಿಕ್ಕ ಬೆಂಕಿ ಆರದಂತೆ, ಏರದಂತೆ ಕಾಯುವುದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ಎರಡನೆಯ ಕೋಳಿಯನ್ನು ಡೋರಿಸ್ ನಿಂತಲ್ಲೇ ಅರ್ಧ ತಿಂದಳು. ವಾಲ್ಟರ್ ಬೂದಿ ಎಳೆಯುವ ಕೊಕ್ಕೆಯನ್ನು ನನ್ನ ಕೈಗೆ ಕೊಟ್ಟು, ಭಾನುವಾರ ಬೆಳಕು ಹರಿಯುವ ಮೊದಲು ಬಾ ಎಂದ.

ಜೋಯ್ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ. ನೆರೆಯವನೇ ನನ್ನ ಪಕ್ಷ ಸೇರಿದ ಮೇಲೆ ಅವನಿಗೆ ಬಾಯಿ ಕಟ್ಟಿತು. ಆದರೂ ಅಂಗಡಿಯ ಊಟವನ್ನು ಬೇಡವೆನ್ನಲಿಲ್ಲ. ಎರಡೂ ಇರಲಿ ಎಂದ.

ಭಾನುವಾರ

ಬೆಳಗ್ಗಿನಿಂದ ಹಂದಿಯ ಹೆಗಲಿನ ಮಾಂಸ ವಾಲ್ಟರನ ಹಿತ್ತಿಲಿನಲ್ಲಿ ಹೊಗೆ ಕುಡಿಯಿತು. ಚರ್ಚಿಗೆ ಹೋಗಿ ಬರುವವರೆಗೆ ಅವನು ಬೆಂಕಿ ಕಾದ. ನಾನು ಕಸವು ಎನ್ನುವ ಚಿನ್ನದ ಜರಿಯ ಅಂಚಿನ ಹೊಸ ಸೀರೆ ಉಟ್ಟು ಮಗುವಿನ ಹಿಂದೆ ತವರಿನವಳಾಗಿ ನಿಂತೆ. ಪಾದ್ರಿಗಳು ತಲೆಗೆ ನೀರು ಹೊಯ್ದಾಗ ಮಗು ಅಳಲಿಲ್ಲ. ನಾನೇ ಅತ್ತೆ.

ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಬೇಲಿ ದಾಟಿದೆ. ಮುಚ್ಚಳ ತೆಗೆದ ಕೂಡಲೇ ಅಷ್ಟು ಹೊತ್ತಿನ ಹೊಗೆಯೆಲ್ಲ ನನ್ನನ್ನು ತಬ್ಬಿಕೊಂಡಿತು. ಮಾಂಸ ಹೊರಗೆ ಕರ್ರಗೆ, ಒಳಗೆ ಬೆರಳಿಗೆ ಬಿಟ್ಟುಬರುವಷ್ಟು ಮೆತ್ತಗೆ. ಕಾಗದದಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಬೇಕೆಂದು ವಾಲ್ಟರ್ ಹಟ ಹಿಡಿದ, ಇಟ್ಟೆವು. ಆಮೇಲೆ ಅರ್ಧವನ್ನು ಅವರ ಕ್ರಮದಲ್ಲಿ ಹಾಗೆಯೇ ಬಿಡಿಸಿ, ಇನ್ನರ್ಧವನ್ನು ತೆಂಗಿನಕಾಯಿಯ ಚೂರು, ಈರುಳ್ಳಿ, ನನ್ನ ಒಳ್ಳೆಮೆಣಸು ಹಾಕಿ ಹುರಿದೆ. ಡೋರಿಸ್‌ನ ದೊಡ್ಡ ಬಾಣಲೆಯಲ್ಲಿ, ಹಿತ್ತಿಲಿನ ಕೆಂಡದ ಮೇಲೆ, ಯಾವ ಯಂತ್ರವೂ ಕಿರಿಚದ ಜಾಗದಲ್ಲಿ.

ಅತಿಥಿಗಳು ತಂಗಿಯ ಹಿತ್ತಿಲಿನಲ್ಲಿ ಮೇಜುಗಳ ಸುತ್ತ ಕುಳಿತಿದ್ದರು. ನಾನು ಎರಡು ಕೈಯಲ್ಲೂ ತಟ್ಟೆ ಹಿಡಿದು ಗೇಟಿನಿಂದ ಒಳಗೆ ಬಂದೆ. ಅಂಗಡಿಯ ಊಟದ ಪೆಟ್ಟಿಗೆಗಳು ಒಂದು ಬದಿಯಲ್ಲಿದ್ದವು. ಮೂಗು ಯಾವ ಕಡೆ ತಿರುಗಿತೆಂದು ಹೇಳಬೇಕಾಗಿಲ್ಲ.

ಜೋಯ್‌ನ ಲ್ಯಾಬಿನ ಹಿರಿಯರ ಹೆಂಡತಿ, ಕೋಟ್ಟಯಂ ಕಡೆಯ ಅಮ್ಮ, ಹುರಿದದ್ದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ನಿಮ್ಮ ಎಸ್ಟೇಟಿನಲ್ಲಿ ಅಡುಗೆಯವರು ಕಲಿಸಿದ್ದೇ ಇದು? ಎಷ್ಟು ಜನ ಆಳುಗಳು?"

ಜೋಯ್ ನನ್ನ ಕಡೆ ನೋಡಿದ. ಅವನ ಕಣ್ಣಿನಲ್ಲಿ ಇದ್ದ ಬೇಡಿಕೆ ನನಗೆ ಅರ್ಥವಾಯಿತು. ಕನಿಕರವೂ ಆಯಿತು. ಆದರೆ ಅಪ್ಪನ ಹೊಗೆಮನೆಯನ್ನು ಮುಚ್ಚಿಡುವಷ್ಟು ಕನಿಕರ ನನ್ನಲ್ಲಿ ಇರಲಿಲ್ಲ.

"ಆಳುಗಳಿಲ್ಲ ಅಮ್ಮ. ನಾನು ಮತ್ತು ನನ್ನ ಗಂಡ. ರಬ್ಬರ್ ಹಾಳೆಗೆ ಹೊಗೆ ಹಾಕುವುದು ನನ್ನ ಕೆಲಸ. ಕೈ ಪಳಗಿದ್ದು ಅಲ್ಲಿ."

ಯಾರೋ ಚಮಚ ಕೆಳಗಿಟ್ಟರು. ಜೋಯ್ ಸುಮ್ಮನೆ ನಕ್ಕು, ಫೋಟೋ ತೆಗೆಯುವ ಹೊತ್ತಾಯಿತೆಂದು ಎಲ್ಲರನ್ನೂ ಎಬ್ಬಿಸಿದ. ಮಗುವನ್ನು ತವರಿನವರ ಮಡಿಲಲ್ಲಿ ಇಟ್ಟು ಒಂದು ಫೋಟೋ ತೆಗೆಯುವುದು ಪದ್ಧತಿ. ನಾನು ಕುರ್ಚಿಯಲ್ಲಿ ಕುಳಿತೆ.

"ಚೇಚಿ, ಮೊದಲು ಸೀರೆ ಬದಲಿಸಿ ಬನ್ನಿ," ಎಂದ ಜೋಯ್, ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು. "ಮೈಯೆಲ್ಲ ಹೊಗೆ ವಾಸನೆ. ಮಗುವಿಗೆ ಹಿಡಿಯುತ್ತದೆ."

ಜಗಳಕ್ಕೆ ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಆದರೆ ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಇಷ್ಟಾದ ಮೇಲೂ ಇಷ್ಟೇ ಏನು ಎಂದು ಅನ್ನಿಸಿತು. ಕುರ್ಚಿಯ ಕೈ ಹಿಡಿದು ಏಳಹೊರಟೆ.

ಸೆಲಿನ್ ನನ್ನ ಹೆಗಲಿನ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದಳು.

"ನೀನು ಏಳಬೇಡ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, ಬಂದವರಿಗೆಲ್ಲ ಕೇಳುವಂತೆ ಮಲೆಯಾಳದಲ್ಲಿ ಹೇಳಿದಳು, "ನಾನು ನರ್ಸಿಂಗ್ ಶಾಲೆಗೆ ಹೋದ ದಿನ ನನ್ನ ಬಟ್ಟೆಗೂ ಇದೇ ವಾಸನೆ ಇತ್ತು. ಹುಡುಗಿಯರು ಮೂಗು ಮುಚ್ಚಿದರು. ನಾನು ಒಂದೊಂದನ್ನೂ ಒಗೆದು ಒಗೆದು ವಾಸನೆ ತೆಗೆದೆ. ಆಮೇಲೆ ಊರಿಗೆ ಹೋದರೂ ಹೊಗೆಮನೆಯ ಹತ್ತಿರ ಹೋಗಲಿಲ್ಲ. ನನ್ನನ್ನು ಓದಿಸಿದ್ದು ಆ ಹೊಗೆ. ನನ್ನ ಮಗಳಿಗೆ ಅದು ಹಿಡಿಯಲಿ. ಚೆನ್ನಾಗಿ ಹಿಡಿಯಲಿ."

ಬಿಳಿಯ ಜರಿಯಂಗಿಯ ಮಗುವನ್ನು ಅವಳು ನನ್ನ ಮಸಿ ಹಿಡಿದ ಮಡಿಲಲ್ಲಿ ಇಟ್ಟಳು. ಜೋಯ್ ಕ್ಯಾಮರಾ ಹಿಡಿದುಕೊಂಡು ನಿಂತಿದ್ದ. ನಂತರ ಅದನ್ನು ಪಕ್ಕದವನ ಕೈಗೆ ಕೊಟ್ಟು, ನಿಧಾನವಾಗಿ ಬಂದು ನನ್ನ ಕುರ್ಚಿಯ ಹಿಂದೆ ಸೆಲಿನ್‌ನ ಪಕ್ಕದಲ್ಲಿ ನಿಂತ.

ಆ ಫೋಟೋ ಈಗ ನಮ್ಮ ಮನೆಯ ಗೋಡೆಯಲ್ಲಿದೆ. ಕಡಬದಿಂದ, ನೆಲ್ಯಾಡಿಯಿಂದ ಬಂದವರು ನೋಡಿ, "ಛೆ, ಅಷ್ಟು ದೂರ ಹೋಗಿ ಒಂದು ಒಳ್ಳೆ ಸೀರೆ ಉಟ್ಟುಕೊಳ್ಬಾರದಿತ್ತಾ ಏಲಿಯಮ್ಮ?" ಎಂದು ಕೇಳುತ್ತಾರೆ.

ಅದು ನನ್ನ ಒಳ್ಳೆಯ ಸೀರೆಯೇ. ಆವತ್ತಿನಿಂದ ಅದನ್ನು ಒಗೆದಿಲ್ಲ.